ಹುಳು ಮನೆಯ ಮುಂದೆ ತೆಗೆದ ಫೋಟೋ

ಮಾನ್ಯ ಧ್ವನಿಯವರೇ,

ಬೀಗರ ಮನೆಯಲ್ಲಿ ಊಟಕ್ಕೆ ಕೂತವನನ್ನು, ಅವನು ಇನ್ನೂ ಎಲೆಯ ಮುಂದಿರುವಾಗಲೇ ಅಡುಗೆ ಹೇಗಿದೆ ಎಂದು ಕೇಳಬಾರದು, ಎಂದು ಯಾರೋ ಹೇಳಿದ್ದರು; ಯಾರು ಎಂಬುದು ಮರೆತಿದೆ, ಬಹುಶಃ ಮಂಚೇನಹಳ್ಳಿಯ ಒಂದು ಮದುವೆಯಲ್ಲಿ, ಆ ಮಾತಿಗೆ ಇನ್ನರ್ಧವೂ ಇತ್ತು. ಕಳೆದ ಗುರುವಾರ ಬೆಳಿಗ್ಗೆ ಚಿಕ್ಕಬಳ್ಳಾಪುರದಿಂದ ಹೊರಟ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ತಮ್ಮ ಕರೆ ಬಂದು, ಕೇಂದ್ರ ಸರ್ಕಾರದ ಸಾಧನೆಗಳ ಬಗ್ಗೆ ನನ್ನ ಅಮೂಲ್ಯ ಅಭಿಪ್ರಾಯವನ್ನು ತಾವು ಕೇಳಿದಾಗ ಇಷ್ಟು ಮಾತ್ರ ನೆನಪಾಯಿತು.

ತಮಗೂ, ತಮ್ಮನ್ನು ಮುದ್ರಿಸಿಕೊಂಡ ಯಂತ್ರಕ್ಕೂ, ತಮ್ಮನ್ನು ಏಕಕಾಲಕ್ಕೆ ಲಕ್ಷ ಕಿವಿಗಳಿಗೆ ಹಂಚುವ ಮಹನೀಯರಿಗೂ ನನ್ನ ನಮಸ್ಕಾರಗಳು. ಶಿಕ್ಷಣಕ್ಕೆ ಒಂದು, ವಸತಿಗೆ ಎರಡು, ಆರ್ಥಿಕತೆಗೆ ಮೂರು ಒತ್ತಿರಿ ಎಂದಿರಿ. ನಾನು ಎರಡನ್ನು ಒತ್ತಿದೆ. ತೃಪ್ತಿಯಾಗಿದ್ದರೆ ಒಂದು, ಅತೀವ ತೃಪ್ತಿಯಾಗಿದ್ದರೆ ಎರಡು ಎಂದಿರಿ. ಮೂರನೆಯದು ಏನಿರಬಹುದೆಂದು ನಾನು ಕಾದೆ, ನಾನು ಏನು ಒತ್ತುವೆನೆಂದು ತಾವು ಕಾದಿರಿ. ಒಬ್ಬರನ್ನೊಬ್ಬರು ನೋಡದೆ ಅಷ್ಟು ಹೊತ್ತು ಮೌನವಾಗಿರುವುದು ಈ ಕಾಲದಲ್ಲಿ ಗಂಡಹೆಂಡಿರಿಗೂ ಕಷ್ಟ. ಕೊನೆಗೆ ತಾವೇ ಧನ್ಯವಾದ ಹೇಳಿದಿರಿ, ನನ್ನ ಅತೀವ ತೃಪ್ತಿ ದಾಖಲಾಗಿದೆ ಎಂಬ ಸಂದೇಶವೂ ಬಂತು. ನನಗೇ ತಿಳಿಯದ ನನ್ನ ಮನಸ್ಸನ್ನು ಇಷ್ಟು ಬೇಗ ಅರಿತವರು ಇನ್ನೊಬ್ಬರಿಲ್ಲ. ಆದರೂ ದಾಖಲೆಯಲ್ಲಿ ಒಂದು ಸಣ್ಣ ತಿದ್ದುಪಡಿ ಅಗತ್ಯವಿರುವುದರಿಂದ, ಮತ್ತು ತಮಗೆ ಬಾಯಿದ್ದು ಕಿವಿಯಿಲ್ಲದಿರುವುದರಿಂದ, ಈ ಬಹಿರಂಗ ಪತ್ರ.

ನಾನು ಶಿಡ್ಲಘಟ್ಟ ತಾಲ್ಲೂಕಿನಲ್ಲಿ, ದಿಬ್ಬೂರಹಳ್ಳಿಯಿಂದ ಒಳಗೆ, ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕಳೆದ ಚಳಿಗಾಲದಲ್ಲಿ ಹದಿನೇಳು ದಿನ ನನ್ನನ್ನು ಮನೆಯಿಲ್ಲದವರ ಸಮೀಕ್ಷೆಗೆ ಹಾಕಲಾಯಿತು. ಆ ಹದಿನೇಳು ದಿನ ಹತ್ತನೆಯ ತರಗತಿಯ ಮಕ್ಕಳು ಮೊದಲ ಮಹಾಯುದ್ಧವನ್ನು ದೈಹಿಕ ಶಿಕ್ಷಣದ ಮೇಷ್ಟರ ಜೊತೆ ಕಳೆದರು. ಅವರು ಯುರೋಪನ್ನು ಎರಡು ಕಬಡ್ಡಿ ತಂಡಗಳಾಗಿ ನಿಲ್ಲಿಸಿ ವಿವರಿಸಿದರಂತೆ; ಯಾರು ಯಾರನ್ನು ಮೊದಲು ಮುಟ್ಟಿದರು ಎಂಬುದನ್ನು ಮಕ್ಕಳು ಇಂದಿಗೂ ಮರೆತಿಲ್ಲ. ನಾನು ಕಲಿಸಿದ ಯಾವ ಯುದ್ಧವೂ ಅವರಿಗೆ ಅಷ್ಟು ನೆನಪಿಲ್ಲ. ಹೀಗಾಗಿ ಶಿಕ್ಷಣದ ವಿಷಯದಲ್ಲಿ ಸರ್ಕಾರ ನನ್ನನ್ನು ತರಗತಿಯಿಂದ ದೂರವಿಟ್ಟು ಮಾಡಿದ ಉಪಕಾರವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಸಮೀಕ್ಷೆಯ ಕೆಲಸ ಸುಲಭವಾಗಿತ್ತು. ಅರ್ಜಿದಾರರನ್ನು ಅವರು ವಾಸಿಸುವ ಮನೆಯ ಮುಂದೆ ನಿಲ್ಲಿಸಿ, ಮುಖ, ಗೋಡೆ, ಸೂರು ಮೂರೂ ಕಾಣುವಂತೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಬೇಕು, ಮಿಕ್ಕದ್ದನ್ನು ಆ್ಯಪ್ ತಾನೇ ಅರ್ಥ ಮಾಡಿಕೊಳ್ಳುತ್ತದೆ. ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ವೆಂಕಟರತ್ನಮ್ಮನವರ ಹೆಸರೂ ನನ್ನ ಪಟ್ಟಿಯಲ್ಲಿತ್ತು. ಅವರು, ಅವರ ಯಜಮಾನರು ಬಯ್ಯಪ್ಪ, ಈಗ ಹತ್ತನೆಯ ತರಗತಿಯಲ್ಲಿರುವ ಮಗಳು ಅಮೃತ, ಮೂವರೂ ಮಣ್ಣಿನ ಗೋಡೆಯ ಒಂದು ಹಳೆಯ ಮನೆಯಲ್ಲಿದ್ದರು. ಅದರ ಹೆಂಚು ಅರ್ಧ ಹೋಗಿ ಮೇಲೆ ನೀಲಿ ಟಾರ್ಪಾಲು ಬಂದಿತ್ತು. ಅದರ ಪಕ್ಕದಲ್ಲೇ ಹುಳು ಮನೆ, ಅಂದರೆ ರೇಷ್ಮೆ ಹುಳು ಸಾಕುವ ಕಟ್ಟಡ: ಇಟ್ಟಿಗೆ ಗೋಡೆ, ಆರ್‌ಸಿಸಿ ತಾರಸಿ, ನೊಣ ನುಸುಳದಂತೆ ಕಿಟಕಿಗಳಿಗೆ ಜಾಲರಿ, ಒಳಗೆ ಸೆಕೆ ಹೆಚ್ಚಿದರೆ ತಂಪು ಮಾಡುವ ವ್ಯವಸ್ಥೆ. ಅಮೃತಳ ಪಠ್ಯಪುಸ್ತಕಗಳು ನೆನೆಯದಂತೆ ಅಲ್ಲೇ ಒಂದು ಮೂಲೆಯಲ್ಲಿರುತ್ತಿದ್ದವು. ಅವಳ ನೋಟ್‌ಬುಕ್ ತಿದ್ದುವಾಗಲೆಲ್ಲ ಹುಳು ಮನೆ ತೊಳೆಯುವ ಬ್ಲೀಚಿಂಗ್ ಪೌಡರಿನ ವಾಸನೆ ಬರುತ್ತಿತ್ತು.

ನಮ್ಮ ಕಡೆ ಹುಳು ಇರುವಾಗ ಹೊರಗಿನವರನ್ನು ಆ ಮನೆಯ ಹತ್ತಿರಕ್ಕೂ ಬಿಡುವುದಿಲ್ಲ. ಮನೆಯವರೂ ಕಾಲು ತೊಳೆದು, ಹೊಸ್ತಿಲಲ್ಲಿ ಹಾಕಿದ ಸುಣ್ಣದ ಪುಡಿ ತುಳಿದೇ ಒಳಗೆ ಹೋಗಬೇಕು. ನಾನು ಹೋದ ದಿನ ಬೆಳೆ ಮುಗಿದು ಮನೆ ಖಾಲಿಯಾಗಿತ್ತು, ಗೋಡೆಗೆ ಹೊಸ ಸುಣ್ಣ ಬಿದ್ದಿತ್ತು. ನಾನು ಹಳೆಯ ಮನೆಯ ಮುಂದೆ ಮೊಬೈಲು ಎತ್ತಿದೆ. ವೆಂಕಟರತ್ನಮ್ಮ ಸೆರಗು ಸರಿಮಾಡಿಕೊಂಡು, "ಈ ಮುರುಕಲು ಗೋಡೆ ಮುಂದೆ ನಿಂತಿದ್ನ ಡೆಲ್ಲಿಗೆ ಕಳಿಸ್ತೀರಾ ಸಾರ್? ನೋಡ್ದೋರು ಏನಂದ್ಕೊಂತಾರೆ? ಹುಳು ಮನೆ ಮುಂದೆ ತೆಗೀರಿ, ಲಕ್ಷಣವಾಗೈತೆ" ಎಂದರು. ಬಯ್ಯಪ್ಪ ಆಗಲೇ ತಲೆ ಬಾಚಿಕೊಂಡು ಆ ಕಡೆ ಹೊರಟಿದ್ದರು. ಅಮೃತ ಮಾತ್ರ, "ಸಾರ್, ಇರೋ ಮನೇದೇ ಅಲ್ವಾ ತೆಗೀಬೇಕು?" ಎಂದಳು. "ಸುಮ್ನಿರಮ್ಮ, ಸಾರ್‌ಗೆ ಗೊತ್ತಿರಲ್ವಾ?" ಎಂದರು ತಾಯಿ. ಸಾರ್‌ಗೆ ಗೊತ್ತಿತ್ತು. ಆದರೆ ಹಳೆಯ ಮನೆಯ ಮುಂದೆ ಓಣಿ ಕಿರಿದು, ಹಿಂದೆ ಸರಿಯಲು ಜಾಗವಿಲ್ಲ, ಈ ಕಡೆ ಬೆಳಕು ಚೆನ್ನಾಗಿತ್ತು, ಮತ್ತು ಒಬ್ಬ ಹೆಂಗಸಿಗೆ ನಿನ್ನ ಬಡತನದ ಪಕ್ಕದಲ್ಲಿ ನೇರವಾಗಿ ನಿಲ್ಲು ಎನ್ನಲು ನನಗೆ ಸಂಕೋಚವಾಯಿತು. ಫೋಟೋ ತೆಗೆದೆ. ಬಹಳ ಚೆನ್ನಾಗಿ ಬಂತು.

ಮನೆ ಮಂಜೂರಾದವರ ಪಟ್ಟಿ ಬಂದಾಗ ಅವರ ಹೆಸರು ಇರಲಿಲ್ಲ. ಕಾರಣ ಕೇಳಲು ಹೋದ ಕಚೇರಿಯಲ್ಲಿ ಕಂಪ್ಯೂಟರಿನ ಮುಂದಿದ್ದ ಮುರಳಿಮೋಹನ್ ಎಂಬ ಸಭ್ಯ ತರುಣ ಪರದೆಯನ್ನು ನನ್ನ ಕಡೆ ತಿರುಗಿಸಿ, "ಇಟ್ಟಿಗೆ ಗೋಡೆ, ಆರ್‌ಸಿಸಿ, ಕಿಟಕಿಗೆ ಮೆಷ್ ಬೇರೆ. ಇಂಥ ಮನೆ ನಂಗೇ ಇಲ್ಲ ಸಾರ್, ಇವರಿಗೆ ಮನೆ ಇಲ್ಲ ಅಂತ ಹೆಂಗ್ ಬರ್ಕೊಳ್ಳದು?" ಎಂದರು. ಅದು ಹುಳುಗಳದ್ದು ಎಂದೆ. "ಹುಳುದ್ದು ಅಂತ ಹಾಕಕ್ಕೆ ಕಾಲಂ ಇಲ್ವಲ್ಲ ಸಾರ್" ಎಂದು, ಕೆಳಗಿನ ಸಾಲನ್ನು ಬೆರಳಿನಲ್ಲಿ ತೋರಿಸಿ, "ತೆಗ್ದಿದ್ದು ಯಾರು ಅಂತಾನೂ ಇದೆ ನೋಡಿ" ಎಂದರು. ನನ್ನ ಹೆಸರನ್ನು ಸರ್ಕಾರ ಅಷ್ಟು ಶುದ್ಧವಾಗಿ ಬರೆದದ್ದನ್ನು ನಾನು ಅದೇ ಮೊದಲು ನೋಡಿದ್ದು. ಇಷ್ಟನ್ನೂ ವೆಂಕಟರತ್ನಮ್ಮನವರಿಗೆ ಹೋಗಿ ಹೇಳಿದಾಗ ಅವರು ಸಾರಿನ ಪಾತ್ರೆಯಿಂದ ತಲೆ ಎತ್ತದೆ, "ಹೋಗ್ಲಿ ಬಿಡಿ ಸಾರ್, ಫೋಟೋದಲ್ಲಿ ಚೆನ್ನಾಗಿ ಕಾಣ್ತಿದೀವಾ?" ಎಂದು ಕೇಳಿದರು.

ಮಾನ್ಯರೇ, ವಸತಿಯ ಬಗ್ಗೆ ದೂರು ಹೇಳುವ ಅವಿವೇಕಿ ನಾನಲ್ಲ. ನಾಲ್ಕು ಸಲ ಪೊರೆ ಬಿಟ್ಟು ಇಪ್ಪತ್ತೈದು ದಿನ ಬದುಕುವ ಒಂದು ಹುಳುವಿಗೆ ಈ ದೇಶದಲ್ಲಿ ಗಾಳಿ, ನೆರಳು, ನೆಮ್ಮದಿಯ ನಿದ್ದೆ, ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ದೊರೆಯುತ್ತದೆಂದರೆ ಅದು ಸಣ್ಣ ಸಾಧನೆಯಲ್ಲ. ನನ್ನ ವಿನಂತಿ ಇಷ್ಟೇ: ಕಾಲಂ ಸೇರಿಸುವುದು ಕಷ್ಟವಾದರೆ, ವೆಂಕಟರತ್ನಮ್ಮನವರ ಕುಟುಂಬವನ್ನೇ ಹುಳುಗಳೆಂದು ದಾಖಲಿಸಿಕೊಳ್ಳಬೇಕು. ಅವರು ಶಬ್ದ ಮಾಡುವವರಲ್ಲ, ಕೊಟ್ಟದ್ದನ್ನು ತಿನ್ನುತ್ತಾರೆ, ತಾಯಿ ದಿನವೂ ಇನ್ನೂರು ಮಕ್ಕಳಿಗೆ ಬಡಿಸಿದ ಮೇಲೆಯೇ ತಿನ್ನುತ್ತಾರೆ. ನೂಲು ಬಿಡುವುದೊಂದು ಬರುವುದಿಲ್ಲ, ತರಬೇತಿ ಕೊಟ್ಟರೆ ಪ್ರಯತ್ನಿಸಬಹುದು. ಗೂಡಾದ ಮೇಲೆ ಬಿಸಿನೀರಿಗೆ ಹಾಕುವ ಕ್ರಮವಿದೆಯಲ್ಲ, ಅದರಿಂದ ಮಾತ್ರ ವಿನಾಯಿತಿ ಕೋರುತ್ತೇನೆ.

ಈ ನಡುವೆ ಒಂದು ಬೆಳವಣಿಗೆಯಾಗಿದೆ. ಹಿಂದಿನ ತಿಂಗಳ ಮಳೆಗೆ ಹಳೆಯ ಮನೆಯ ಅಡುಗೆ ಕೋಣೆಯ ಗೋಡೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ, ಮೂವರೂ ಹಾಸಿಗೆ, ಒಲೆ, ಪಾತ್ರೆಗಳೊಂದಿಗೆ ಹುಳು ಮನೆಗೆ ಬಂದುಬಿಟ್ಟರು. ಅಂದರೆ ಈ ಕುಟುಂಬ ಪಕ್ಕಾ ಮನೆಯಲ್ಲಿ ವಾಸವಾಗಿದೆ ಎಂಬ ಸರ್ಕಾರದ ದಾಖಲೆ ಈಗ ಅಕ್ಷರಶಃ ನಿಜ. ಸರ್ಕಾರ ಸುಳ್ಳು ಹೇಳಿತ್ತೆಂದು ಮನಸ್ಸಿನಲ್ಲೇ ಅಂದುಕೊಂಡದ್ದಕ್ಕೆ ಕ್ಷಮೆಯಿರಲಿ, ಅದು ಎಂಟು ತಿಂಗಳು ಮುಂಚಿತವಾಗಿ ಹೇಳಿತ್ತು, ಅಷ್ಟೆ.

ಆದರೆ ಹುಳುವಿಗೂ ಮನುಷ್ಯನಿಗೂ ಒಂದೇ ಸೂರಿನಡಿ ಆಗಿಬರುವುದಿಲ್ಲ. ಒಗ್ಗರಣೆಯ ಘಾಟನ್ನು ಹುಳು ತಡೆಯಲಾರದು, ಸೊಳ್ಳೆಬತ್ತಿ ಹಚ್ಚಿದರೆ ಒಂದೂ ಉಳಿಯುವುದಿಲ್ಲ. ಆದ್ದರಿಂದ ತರಬೇಕಿದ್ದ ಮರಿಹುಳುಗಳನ್ನು ಬಯ್ಯಪ್ಪ ಬೇಡವೆಂದು ಹೇಳಿ ಕಳಿಸಿದರು, ತೋಟದ ಸೊಪ್ಪು ಬೇರೆಯವರ ಹುಳುಗಳಿಗೆ ಹೋಯಿತು. ಮನೆ ಇದ್ದರೆ ಬೆಳೆಯಿಲ್ಲ, ಬೆಳೆ ಇದ್ದರೆ ಮನೆಯಿಲ್ಲ. ಆರ್ಥಿಕತೆಯ ಬಗ್ಗೆ ತಾವು ಕೇಳಿದ್ದರಿಂದ ಅವರ ಅಭಿಪ್ರಾಯವನ್ನೂ ಸೇರಿಸುತ್ತಿದ್ದೇನೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಎದುರು, ಟೀ ಅಂಗಡಿಯ ಟಿ.ವಿ.ಯಲ್ಲಿ ದೇಶ ಇನ್ನೊಂದು ಮೆಟ್ಟಿಲು ಮೇಲೇರಿದ ಸುದ್ದಿ ಬರುತ್ತಿತ್ತು. ಮಾರಲು ಗೂಡಿಲ್ಲದಿದ್ದರೂ ಅಭ್ಯಾಸಬಲದಿಂದ ಸಂತೆಯ ಹೊತ್ತಿಗೆ ಅಲ್ಲಿಗೆ ಬಂದಿದ್ದ ಬಯ್ಯಪ್ಪ, "ಏಮೋ ಸಾರ್, ದೇಶ ಮೇಲಕ್ಕೋಯ್ತಂತೆ. ಹೋಗೋವಾಗ ನಮ್ಮನ್ನೂ ಕರೆದಿರ್ತಾರೆ, ನಾನೇ ಸೊಪ್ಪು ಕುಯ್ಯೋಕೆ ಹೋಗಿದ್ನೇನೋ" ಎಂದರು.

ಮುರಳಿಮೋಹನ್ ಅವರ ಕೃಪೆಯಿಂದ ಮರುಪರಿಶೀಲನೆಗೆ ಒಂದು ಅವಕಾಶ ಸಿಕ್ಕಿದೆ. "ಬಿದ್ದ ಗೋಡೆ ಕಾಣ್ಬೇಕು ಸಾರ್, ಮುಂದೆ ಅವರು ನಿಂತಿರ್ಬೇಕು. ಸೋಮವಾರ ಆದ್ಮೇಲೆ ಲಾಕ್ ಆಗ್ತದೆ, ಆಮೇಲೆ ದೇವರು ಬಂದ್ರೂ ತೆರೆಯಲ್ಲ" ಎಂದಿದ್ದಾರೆ. ಫೋಟೋ ತೆಗೆಯುವ ಜವಾಬ್ದಾರಿ ಮತ್ತೆ ನನ್ನದೇ. ಒಮ್ಮೆ ತಪ್ಪು ಮಾಡಿದವನಿಗೇ ಅದೇ ಕೆಲಸವನ್ನು ಎರಡನೆಯ ಸಲ ವಹಿಸುವ ಈ ಔದಾರ್ಯವನ್ನು ನಾನು ಚುನಾವಣೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ.

ಇಷ್ಟರ ಮೇಲೆ ನನ್ನ ತೃಪ್ತಿಯನ್ನು ಅತೀವದಿಂದ ಸಾಧಾರಣಕ್ಕೆ ಇಳಿಸುವುದೋ ಬಿಡುವುದೋ ತಮಗೇ ಬಿಟ್ಟದ್ದು. ತಮ್ಮ ಕಂಠ ಹೀಗೆಯೇ ಶೀತನೆಗಡಿಯಿಲ್ಲದೆ ಇರಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ರಘುನಂದನ್,
ಸಮೀಕ್ಷಕ, ಬಿಡುವಾದಾಗ ಶಿಕ್ಷಕ

ತಾ.ಕ.: ಪತ್ರ ಮಡಿಸುವ ಹೊತ್ತಿಗೆ ವೆಂಕಟರತ್ನಮ್ಮ ಫೋನ್ ಮಾಡಿದ್ದರು. "ಸೋಮವಾರ ನೀವು ಬರ್ತೀರಲ್ಲ ಸಾರ್, ಆ ಬಿದ್ದಿರೋ ಮಣ್ಣೆಲ್ಲಾ ಭಾನುವಾರನೇ ಎತ್ತಿಸಿ, ಸಗಣಿ ಹಾಕಿ ಸಾರಿಸಿಬಿಡ್ತೀವಿ, ನೋಡೋಕೆ ಅಸಹ್ಯ" ಎಂದರು. ಬೇಡ ಅಮ್ಮ, ಅದನ್ನು ಹಾಗೇ ಬಿಡಿ, ಮಗಳನ್ನೂ ಕರೆದುಕೊಂಡು ಅದರ ಮುಂದೆ ಬಂದು ನಿಲ್ಲಿ ಎಂದು ಹೇಳಲು ಬಾಯಿ ಬರದೆ, ಆಯಿತು ಎಂದುಬಿಟ್ಟಿದ್ದೇನೆ. ಇಂದು ಶನಿವಾರ. ಯಾರಿಗೆ ಏನು ಹೇಳುವಾಗಲೂ ದನಿ ನಡುಗದ ತಾವೇ ಹೇಳಿ, ಆ ಮಾತನ್ನು ಆಕೆಗೆ ಹೇಗೆ ಹೇಳಬೇಕು?