ಮಾವನ ಮೋಟಾರಿಗೊಂದು ಊರುಗೋಲು

ನನ್ನ ಸೋದರಮಾವನನ್ನು ಕಂಡು ಸಿಟ್ಟು ಬರದ ಮನುಷ್ಯ ಕಾರವಾರದಿಂದ ಅಂಕೋಲೆಯವರೆಗೆ ಎಲ್ಲಾದರೂ ಸಿಕ್ಕಿದರೆ, ಅವನಿಗೆ ಮಾವನ ಪರಿಚಯವೇ ಆಗಿಲ್ಲ ಎಂದು ತಿಳಿಯಬೇಕು. ಕಣ್ಣೆದುರು ಅಷ್ಟು ದೊಡ್ಡ ಕಡಲು ಬಿದ್ದುಕೊಂಡಿರುವಾಗ ದೋಣಿಯನ್ನು ಎತ್ತಿನ ಗಾಡಿಗೆ ಹೇರಿ ರಸ್ತೆಯ ಮೇಲೆ ಸಾಗಿಸಿದ ಮಹಾಶಯ ಅವನು. ಅದೂ ದೋಣಿಯ ಬೆನ್ನಿಗೆ ಒಂದು ಮೋಟಾರು ಸಿಕ್ಕಿಸಿಕೊಂಡು! ಸಿಟ್ಟಿನ ವಿಷಯದಲ್ಲಿ ನನ್ನ ನೆನಪನ್ನು ನಾನು ನಂಬುವುದಿಲ್ಲ. ವರ್ಷ ಕಳೆದಂತೆ ಅದು ಹುಳಿಯಾಗುತ್ತದೆ. ಅದಕ್ಕೇ ಆ ಕಾಲದ ದಿನಚರಿಯನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಆದರೆ ಆ ದಿನದ ಪುಟದಲ್ಲಿರುವುದು ಎರಡೇ ಪದ: "ಮಾವ ಮೂರ್ಖ." ಕೆಳಗೆ ಎರಡು ಗೀಟು. ಗೀಟಿನ ರಭಸಕ್ಕೆ ಹಾಳೆ ಹರಿದಿದೆ.

ಮೊದಲು ಕಾರಣ ಹೇಳಿಬಿಡುತ್ತೇನೆ. ನನ್ನ ಅವ್ವ, ಎಂದರೆ ಮಾವನ ಅಕ್ಕ, ಗಂಗಾವಳಿ ಹೊಳೆಯ ಆಚೆ ದಡದಲ್ಲಿದ್ದಳು. ಅವಳ ಎರಡೂ ಕಣ್ಣಿಗೆ ಪೊರೆ ಬಂದು, ಆ ಮಳೆಗಾಲದ ಹೊತ್ತಿಗೆ ಅನ್ನದ ತಟ್ಟೆಯನ್ನು ಕೈಯಿಂದ ತಡವಿ ನೋಡುವ ಸ್ಥಿತಿ. ಹೊರಗಿನಿಂದ ಬಂದ ಕಣ್ಣಿನ ಡಾಕ್ಟರೊಬ್ಬರು ಶ್ರಾವಣದ ಹುಣ್ಣಿಮೆಯವರೆಗೆ ಮಾತ್ರ ಕಾರವಾರದಲ್ಲಿ ಇರುವವರಿದ್ದರು. ಆದರೆ ಅವ್ವ ದೋಣಿ ಹತ್ತಲು ಒಲ್ಲೆ ಎನ್ನುತ್ತಿದ್ದಳು. ಆಷಾಢದಲ್ಲಿ ಒಮ್ಮೆ ಅವಳು ಕುಳಿತ ದೋಣಿಯನ್ನು ಸೆಳವು ಅಳಿವೆಯ ಬಾಯಿಯವರೆಗೆ ಒಯ್ದು ಮರಳುದಿಬ್ಬಕ್ಕೆ ಎಸೆದಿತ್ತು. "ಹುಟ್ಟು ಹಾಕೂ ದೋಣೀಲಿ ಇನ್ನು ಕೂರೂದಿಲ್ಲ. ಕುರುಡಿಯಾಗೇ ಸಾಯ್ತೆ" ಎಂದು ಹೇಳಿ ಕಳಿಸಿದ್ದಳು.

ಮಾವ ಇದನ್ನು ಕೇಳಿದವನೇ, ಕಾರವಾರದ ಬಂದರಿನಲ್ಲಿ ತನ್ನ ಮೇಲಧಿಕಾರಿಯಾಗಿದ್ದು ಸ್ವದೇಶಕ್ಕೆ ಹೊರಟಿದ್ದ ಬಿಳಿ ಸಾಹೇಬನ ಬಂಗಲೆಗೆ ಓಡಿದ. ಬರುವಾಗ ಒಂದು ಯಂತ್ರ ತಂದ. ಅದರ ತಲೆ ದೋಣಿಯ ಹಿಂದಿನ ಹಲಗೆಗೆ ಕಚ್ಚಿಕೊಳ್ಳಬೇಕು, ಉದ್ದನೆಯ ಕಾಲು ನೀರಿಗಿಳಿಯಬೇಕು, ಕಾಲಿನ ತುದಿಯ ಪಂಖ ತಿರುಗಬೇಕು. ನಮ್ಮ ದೋಣಿಗಳಿಗೆ ಹಿಂದಿನ ಹಲಗೆ ಎಲ್ಲಿದೆ?

"ದೋಣಿಗೆ ಹಿಂಬದಿ ಇರೂದಿಲ್ಲ ಒಡೆಯಾ, ಎರಡೂ ಕಡೆ ಮುಂದೇ" ಎಂದ ಬಡಗಿ.

"ನನ್ನ ದೋಣಿಗೆ ಇರಲಿ" ಎಂದು ಮಾವ ಚಂದದ ಪಾತಿದೋಣಿಯೊಂದರ ಬಾಲ ಕೊಯ್ಯಿಸಿ, ಹಲಗೆ ಇಟ್ಟು, ಕತ್ತದ ಹುರಿಯಲ್ಲಿ ಹೊಲಿಸಿದ. ಸಾಹೇಬನ ಮೆಕ್ಯಾನಿಕ್ ಬಂದು ಯಂತ್ರವನ್ನು ಅದಕ್ಕೆ ಕೂರಿಸಿಕೊಟ್ಟು ಹೋದ.

ಸರಿ, ಇನ್ನು ಕಡಲಿಗಿಳಿಸಿ ಹೊರಡಬಹುದಲ್ಲ? ಇಲ್ಲ. ಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಬಿಡುವವರೆಗೆ ನಮ್ಮ ಕರಾವಳಿಯಲ್ಲಿ ಯಾರೂ ದೋಣಿ ಇಳಿಸುವುದಿಲ್ಲ. ದೇವರ ಕೋಣೆಗೆ ವರ್ಷಕ್ಕೊಮ್ಮೆಯೂ ಕಾಲಿಡದ ಮಾವ ಈ ಒಂದು ಕಟ್ಟಳೆಯನ್ನು ಮಾತ್ರ ಮೀರುವವನಲ್ಲ. "ಕಾಯಿ ಬೀಳದೆ ಕಡಲು ತೆರೀಲಿಲ್ಲ ಅಳಿಯಾ. ಹೊಳೆಗೆ ಆ ಕಟ್ಟಿಲ್ಲ. ಗಾಡಿ ಮೇಲೆ ಮಂಜಗುಣಿಗೆ ಹೊತ್ತು, ಅಲ್ಲಿ ಹೊಳೆಗೆ ಇಳಿಸ್ವಾ."

ಮಂಜಗುಣಿ ಎಂದರೆ ಅಂಕೋಲೆಯಾಚೆ, ಗಂಗಾವಳಿಯ ಈಚೆ ದಡ; ಗಾಡಿಗೆ ಎರಡು ದಿನದ ದಾರಿ. ಗಾಡಿ ಸುಕ್ರುವಿನದು. ನಾನು ಆಗ ಪುಣೆಯಲ್ಲಿ ವಿಜ್ಞಾನ ಓದಿ ಬಂದ ಹೊಸ ಪದವೀಧರ. ನೀರಿನಲ್ಲಿ ಅಷ್ಟೇನೂ ಅಪಾಯವಿಲ್ಲದ ಮೋಟಾರು ಗಾಡಿಯ ಕುಲುಕಾಟದಲ್ಲಿ ಸನ್ನೆಗೋಲಿನಂತೆ ಹಲಗೆಯನ್ನು ಮೀಟುತ್ತದೆ, ಆದ್ದರಿಂದ ಅದರ ಎರಡು ತಿರುಪು ಬಿಚ್ಚಿ ಹುಲ್ಲಿನ ಮೇಲೆ ಮಲಗಿಸೋಣ ಎಂದೆ. ಹಲಗೆ ಸೀಳಿದರೆ ಮೋಟಾರಿಲ್ಲ, ಮೋಟಾರಿಲ್ಲದಿದ್ದರೆ ಅವ್ವ ಬರುವುದಿಲ್ಲ, ಅವ್ವ ಬರದಿದ್ದರೆ ಕಣ್ಣಿಲ್ಲ. ಇದು ಗಣಿತದಷ್ಟು ಸ್ಪಷ್ಟ.

"ಪೂಜೆ ಮಾಡಿ ಕೂರ್ಸಿದ್ದು. ನೀರು ಮುಟ್ಟೂ ತನಕ ಬಿಚ್ಚೂಕಾಗ" ಎಂದ ಮಾವ. ನೋಡಿದರೆ ಯಂತ್ರದ ಹಣೆಗೆ ನಿಜವಾಗಿಯೂ ಕುಂಕುಮ. ಅದನ್ನು ಯಾವಾಗ ಹಚ್ಚಿದನೋ!

ಬಿಚ್ಚದಿದ್ದರೆ ಅದರ ಕಾಲನ್ನಾದರೂ ಮಡಿಸಿ ಮೇಲೆತ್ತಿ, ಕೆಳಗೆ ಏನಾದರೂ ಊರುಗೋಲು ಕೊಡಬೇಕು. ಮಾವ ಒಂದು ಬಿದಿರಿನ ತುಂಡನ್ನು ಗಾಡಿಯ ಹಲಗೆಗೂ ಯಂತ್ರದ ಕಾಲಿಗೂ ನಡುವೆ ನಿಲ್ಲಿಸಿದ. ಬಿಣಗಾ ಘಟ್ಟದ ಇಳಿಜಾರಿನಲ್ಲಿ ಚಕ್ರ ಕಲ್ಲು ಹತ್ತಿತು, ಬಿದಿರು ಹಾರಿ ಬಂದು ನನ್ನ ಮೊಣಕಾಲಿಗೆ ಬಡಿಯಿತು, ಪಂಖ ನೆಲಕ್ಕೆ ತಾಗಿತು. ಮಾವ ಓಡಿ ಬಂದ. "ನೋವಾಯ್ತನಾ?" ಎಂದು ಕೇಳಿದ, ಪಂಖವನ್ನು ಸವರುತ್ತ. ಅಷ್ಟರಲ್ಲಿ ಮಳೆ ಬಂತು. ಇದ್ದದ್ದು ಒಂದೇ ಕೊಡೆ. ಅದು ಯಾರ ತಲೆಯ ಮೇಲೆ ಬಿಚ್ಚಿತೆಂದು ಬೇರೆ ಹೇಳಬೇಕೆ?

ಬಿದಿರಿನ ಬದಲು ಭತ್ತದ ಹುಲ್ಲಿನ ದೊಡ್ಡ ಕಟ್ಟೊಂದನ್ನು ಬಿಗಿದು ಅಡಿಗಿಟ್ಟೆವು. ಮೆತ್ತಗಿತ್ತು, ಜಾರುತ್ತಿರಲಿಲ್ಲ. ಈ ಉಪಾಯ ನನ್ನದೆಂದು ನನಗೆ ನೆನಪು, ಸುಕ್ರು ತನ್ನದೆನ್ನುತ್ತಿದ್ದ. ಇರಲಿ. ಅಮದಳ್ಳಿಯಲ್ಲಿ ಗಾಡಿ ಬಿಟ್ಟು ಅವಲಕ್ಕಿ ತಿಂದು ಬರುವಷ್ಟರಲ್ಲಿ ಎತ್ತುಗಳು ಊರುಗೋಲನ್ನು ಮುಕ್ಕಾಲು ಮುಗಿಸಿದ್ದವು.

"ನಿನ್ನ ಎತ್ತಿಗೆ ಬುದ್ಧಿ ಇಲ್ವನಾ?" ಎಂದು ಮಾವ ರೇಗಿದ.

"ಎತ್ತಿಗೆ ಅದು ಹುಲ್ಲು ಒಡೆಯಾ. ಮೋಟಾರಿನ ಆಧಾರ ಅಂದೇಳಿ ಅದಕ್ಕೆ ಯಾರು ಹೇಳಿದ್ರು?" ಎಂದ ಸುಕ್ರು.

ನನಗೆ ನಗು ಬರಲಿಲ್ಲ. ಹಲಗೆಯ ಮೂಲೆಯಲ್ಲಿ ಉಗುರು ಹೊಗುವಷ್ಟು ಬಿರುಕು ಕಂಡಿತ್ತು. ಚೀಲದಿಂದ ಇಕ್ಕಳ ತೆಗೆದು ತಿರುಪಿಗೆ ಕೈ ಹಾಕಿದೆ. ಮಾವ ನನ್ನ ಕೈ ಹಿಡಿದ. ಅಷ್ಟು ಬಲವಾಗಿ ಅವನು ನನ್ನನ್ನು ಹಿಂದೆಂದೂ ಹಿಡಿದಿರಲಿಲ್ಲ.

"ಮುಟ್ಟಬೇಡ."

"ಅವ್ವನ ಕಣ್ಣಿಗಿಂತ ನಿಮಗೆ ಈ ಕಬ್ಬಿಣದ ಕುಂಕುಮ ಹೆಚ್ಚಾ?"

"ಹೌದು ಅಂದ್ಕೋ. ಮುಂದೆ ನಡಿ."

ನಡೆದೆ. ಗಾಡಿಗಿಂತ ಎರಡು ಫರ್ಲಾಂಗು ಮುಂದೆ, ಮಳೆಯಲ್ಲಿ ತೋಯುತ್ತ, ಒಮ್ಮೆಯೂ ತಿರುಗಿ ನೋಡದೆ ಅಂಕೋಲೆಯವರೆಗೆ ನಡೆದೆ. ದಾರಿಯುದ್ದಕ್ಕೂ ಅವನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿದೆ. ಒಂದಕ್ಕಿಂತ ಒಂದು ಚೆನ್ನಾಗಿದ್ದವು. ರಾತ್ರಿ ಅಲ್ಲಿ ಉಳಿದಾಗ ಅವನಿಗೆ ಬೆನ್ನು ಹಾಕಿ ಕೂತೆ. ದಿನಚರಿಯಲ್ಲಿ ಹಾಳೆ ಹರಿಯುವಂತೆ ಗೀಟೆಳೆದೆ. ಮರುದಿನವೂ ನಾನೇ ಮುಂದೆ.

ಮಂಜಗುಣಿಯಲ್ಲಿ ಗಾಡಿ ನಿಂತಾಗ ಮೊದಲು ಹಲಗೆ ನೋಡಿದೆ. ಬಿರುಕು ಅಷ್ಟೇ ಇತ್ತು, ಕೂದಲೆಳೆಯಷ್ಟೂ ಬೆಳೆದಿರಲಿಲ್ಲ. ವಿಜ್ಞಾನದ ಪ್ರಕಾರ ಅದು ಸೀಳಿ ಹೋಗಬೇಕಿತ್ತು. ವಿಜ್ಞಾನವೂ ಮಾವನ ಪಕ್ಷ ಸೇರಿತೇ ಎಂದು ಇನ್ನಷ್ಟು ಉರಿಯಿತು.

ದೋಣಿ ಹೊಳೆಗಿಳಿಯಿತು. ಮಾವ ಮೋಟಾರಿನ ಪಕ್ಕ ಕೂತು, "ಹಗ್ಗ ನೀ ಎಳಿ" ಎಂದ.

"ಯಾಕೆ, ಪೂಜೆ ನೀವು ಮಾಡಿದ್ದಲ್ವಾ? ನೀವೇ ಎಳೀರಿ."

ದಡದಲ್ಲಿ ಎತ್ತಿಗೆ ನೀರು ತೋರಿಸುತ್ತಿದ್ದ ಸುಕ್ರು ಹೇಳಿದ: "ಅವರ ಕೈ ಎಲ್ಲಿ ಏಳ್ತದೆ ತಮಾ? ಅಮದಳ್ಳಿಂದ ಇಲ್ಲೀವರೆಗೆ ಆ ಮೋಟಾರಿನ ಕಾಲನ್ನ ಹೆಗಲ ಮೇಲೆ ಇಟ್ಕಂಡೇ ಬಂದಾರೆ. ಗುಂಡಿ ಬಂದಲ್ಲೆಲ್ಲಾ ಬಗ್ಗಿ ಎತ್ತಿ, ಬಗ್ಗಿ ಎತ್ತಿ. ನೀವು ಮುಂದೆ ಇದ್ರಿ, ಕಾಣಲಿಲ್ಲ."

ನಾನು ಮಾವನ ಅಂಗಿ ನೋಡಿದೆ. ಬಲ ಹೆಗಲಿನ ಬಟ್ಟೆ ಹರಿದು ಚರ್ಮಕ್ಕೆ ಅಂಟಿತ್ತು. ಬಲವೋ ಎಡವೋ, ಈಗ ಆಣೆ ಮಾಡಿ ಹೇಳಲಾರೆ. ಕುಂಕುಮಕ್ಕಿಂತ ಕೆಂಪಗಿತ್ತು ಎನ್ನುವುದನ್ನು ಮಾತ್ರ ಮರೆತಿಲ್ಲ. ಎರಡು ದಿನ ಜೋಡಿಸಿದ ಅಷ್ಟೊಂದು ಮಾತುಗಳಲ್ಲಿ ಬಾಯಿಗೆ ಬಂದದ್ದು ಇಷ್ಟೇ:

"ಎರಡು ತಿರುಪು, ಮಾವ. ಬಿಚ್ಚಿದ್ದರೆ ಮುಗೀತಿತ್ತು."

ಅವನು ಸುಕ್ರುವಿಗೆ ಕೇಳಿಸದಂತೆ ಹೇಳಿದ: "ಬಿಚ್ಚೂದು ನಂಗೂ ಬರ್ತದೆ. ತಿರುಗಿ ಕೂರ್ಸೂಕೆ ಬರೂದಿಲ್ಲ. ನಿಂಗೂ ಬರೂದಿಲ್ಲ, ಬರ್ತದೆ ಅಂತ ನೀ ಅಂದ್ಕೊಂಡದ್ದು ಅಷ್ಟೇ. ನಾವು ಸಡ್ಲ ಕೂರ್ಸಿ, ಅದು ಅಕ್ಕನ್ನ ನಡೂ ಹೊಳೇಲಿ ಕೈ ಬಿಟ್ರೆ?"

ಏಳೆಂಟು ಸಲ ಎಳೆದ ಮೇಲೆ ಯಂತ್ರ ಊರೆಲ್ಲ ಕೇಳುವಂತೆ ಕೆಮ್ಮಿ ಹೊರಟಿತು. ಆಚೆ ದಡದಲ್ಲಿ ಅವ್ವನನ್ನು ಕೂರಿಸಿಕೊಂಡು ತಿರುಗಿದೆವು. ಅವಳು ದೋಣಿಯ ಅಂಚು ಹಿಡಿದು, ಕಣ್ಣು ಮುಚ್ಚಿ ಕುಳಿತಿದ್ದಳು. ಮಂಜಗುಣಿ ಮುಟ್ಟಿದಾಗ ಹೇಳಿದಳು: "ಈ ಯಂತ್ರದ ಗದ್ದಲ ಒಂದು ಮುಗೀಲಿ ತಮಾ, ಆಮೇಲೆ ಹೊರಡ್ವಾ."

"ಇಳಿಯೇ, ಈಚೆ ದಡ ಬಂತು" ಎಂದ ಮಾವ.

ಅಲ್ಲಿಂದ ಸುಕ್ರುವಿನ ಗಾಡಿಯಲ್ಲಿ ಕಾರವಾರ ಸೇರಿ, ಹುಣ್ಣಿಮೆಗೆ ಮೊದಲೇ ಒಂದು ಕಣ್ಣಿನ ಶಸ್ತ್ರಕ್ರಿಯೆ ಆಯಿತು. ಪಟ್ಟಿ ಬಿಚ್ಚಿದ ದಿನ ನಾವಿಬ್ಬರೂ ಮಂಚದ ಬದಿಗೆ ನಿಂತಿದ್ದೆವು. ಈ ಭಾಗ ದಿನಚರಿಯಲ್ಲಿಲ್ಲ. ಆ ದಿನದ ಪುಟ ಖಾಲಿ. ಆದರೆ ಇದರಲ್ಲಿ ನನ್ನ ನೆನಪು ತಪ್ಪಿಲ್ಲವೆಂದೇ ನಂಬಿದ್ದೇನೆ. ಅವ್ವ ಬೆಳಕಿಗೆ ಕಣ್ಣು ಕಿರಿದು ಮಾಡಿ, ನನ್ನನ್ನು ದಾಟಿ, ತಮ್ಮನನ್ನೇ ಬಹಳ ಹೊತ್ತು ನೋಡಿದಳು.

"ನೀ ಯಾಕೆ ಒಂದು ಬದಿಗೆ ವಾಲಿ ನಿಂತಿದ್ದೀ?"

ಮಾವ ಹೆಗಲನ್ನು ನೆಟ್ಟಗೆ ಮಾಡಲು ನೋಡಿದ, ಆಗಲಿಲ್ಲ. ಕೊನೆಗೆ ಬಾಗಿಲ ಕಡೆ ತಿರುಗಿ ಕರೆದ:

"ಡಾಕ್ಟ್ರೇ, ಇವಳ ಕಣ್ಣು ಇನ್ನೂ ಸರಿ ಆಗಲಿಲ್ಲ ನೋಡಿ."