ಉಯ್ಯಾಲೆಗೆ ಕಟ್ಟಿದ ಫ್ಯಾನು

ಮಧ್ಯಾಹ್ನದ ನಿದ್ದೆಯಲ್ಲಿ ಹೊಳೆಯುವ ಬುದ್ಧಿಯನ್ನು ನಂಬಬಾರದು. ನಾನು ನಂಬುತ್ತೇನೆ. ರಾಯದುರ್ಗದ ಬಿಸಿಲಿಗೆ ಎದುರಿನ ಬೆಟ್ಟವೇ ನೀರಿನ ಮೇಲಿದ್ದಂತೆ ತೇಲುತ್ತಿರುವಾಗ, ಪಡಸಾಲೆಯ ಉಯ್ಯಾಲೆಯ ಮೇಲೆ ಅರೆನಿದ್ದೆಯಲ್ಲಿದ್ದ ನನಗೆ ಅನ್ನಿಸಿತು: ಗಾಳಿ ಒಂದೆಡೆ ನಿಂತಿದೆ, ಮನುಷ್ಯ ತೂಗುತ್ತಿದ್ದಾನೆ, ಇಬ್ಬರೂ ಜೊತೆಗೆ ತೂಗಿದರೆ? ಎದ್ದವನೇ ಟೇಬಲ್ ಫ್ಯಾನನ್ನು ಉಯ್ಯಾಲೆಯ ತಲೆದೆಸೆಗೆ ಬಿಗಿದೆ. ಮನೆ ಕಟ್ಟಿಸಿದಾಗ ಉಳಿದಿದ್ದ, ಒಳಗೆ ಒಂದೇ ಎಳೆ ತಾಮ್ರವಿದ್ದ ದಪ್ಪ ವೈರನ್ನು ಸರಪಳಿಗುಂಟ ತೊಲೆಯವರೆಗೆ ಏರಿಸಿದೆ. ದಪ್ಪಗಿರುವುದೆಲ್ಲ ಗಟ್ಟಿಯೆಂಬುದು ನನ್ನ ನಂಬಿಕೆ. ನನ್ನ ಹೊಟ್ಟೆಯನ್ನು ನೋಡಿದವರಿಗೆ ಇದರ ಹಿಂದಿನ ಸ್ವಾರ್ಥ ತಿಳಿದೀತು.

ಅದೇ ವಾರ ಮಡಕಶಿರಾದಿಂದ ಮಾವ ಬಂದರು. ನಮ್ಮೂರ ಸೆಕೆಗೆ ಹೆದರಿ, ಬಂದ ದಿನವೇ ಸಂಜೆಯ ಬಸ್ಸು ಹಿಡಿಯುವವರು. "ಈ ಸಲನಾದ್ರೂ ನಮ್ಮಪ್ಪ ನಾಕು ದಿನ ಇರಂಗೆ ಮಾಡ್ರಿ," ಎಂದು ಹೆಂಡತಿ ಶಾರದೆ ಮೊದಲೇ ಹೇಳಿದ್ದಳು.

"ಬರ್ರಿ ಮಾವ, ಮಲಕೊಳ್ರಿ. ಗಾಳಿನೂ ನಿಮ್ ಜೋಡಿ ತೂಗತೈತಿ," ಎಂದೆ.

ಮಾವನ ಗೊರಕೆ ರಾಗ ಹಿಡಿಯುವಷ್ಟರಲ್ಲಿ ಫ್ಯಾನು ನಿಂತಿತು. ಉಯ್ಯಾಲೆ ಮುಂದೆ ಬಂದರೆ ತಿರುಗುತ್ತದೆ, ಹಿಂದೆ ಹೋದರೆ ನಿಲ್ಲುತ್ತದೆ.

"ಏನ್ ಅಳಿಯಂದ್ರೇ, ನಿಮ್ಮೂರಾಗೆ ಕರೆಂಟೂ ಉಯ್ಯಾಲೆ ಆಡ್ತೈತಾ?" ಎಂದು ಎದ್ದು ಕೂತರು. "ಸಂಜೆ ಬಸ್ಸಿಗೆ ಹೋಗ್ತೀನಮ್ಮ, ಶಾರದಾ."

ಶಾರದೆ ನನ್ನತ್ತ ನೋಡಿದಳು. ಆ ನೋಟವನ್ನು ಆರಿಸಲು ಸ್ವಿಚ್ಚಿಲ್ಲ.

ಫ್ಯಾನಿನ ಸ್ವಿಚ್ಚು ಆರಿಸಿ ಸ್ಟೂಲು ಹತ್ತಿದೆ. ತೊಲೆಯ ಹತ್ತಿರ ಒಂದೇ ಕಡೆ ಬಾಗಿ ಬಾಗಿ ಒಳಗಿನ ತಾಮ್ರ ಕಡಿದಿತ್ತು. ಮೇಲಿನ ಪ್ಲಾಸ್ಟಿಕ್ಕು ಮಾತ್ರ ತನಗೇನೂ ಗೊತ್ತಿಲ್ಲವೆಂಬಂತೆ ನೇತಾಡುತ್ತಿತ್ತು. ಗೋಡೆಯೊಳಗೆ ಅಲುಗದೆ ಕೂರಬೇಕಾದ ಜೀವವನ್ನು ನಾನು ಜೀಕಾಡಿಸಿದ್ದೆ. ಬದಲಿಗೆ ಹಬ್ಬದ ದೀಪದ ಸರದ ವೈರು ಹಾಕಿದರೆ ಬಾಗೀತು, ಆದರೆ ಅದರ ಮೈಯಲ್ಲಿ ತಾಮ್ರವೇ ಕಡಿಮೆ. ಹೊರೆ ಹೆಚ್ಚಾದರೆ ಕಾಯುತ್ತದೆ. ಕೊನೆಗೆ ಕೆಟ್ಟುಹೋಗಿದ್ದ ಇಸ್ತ್ರಿಪೆಟ್ಟಿಗೆಯ ವೈರನ್ನು ಸುಲಿದು ನೋಡಿದೆ. ಒಳಗೆ ಕೂದಲಿನಂಥ ಎಳೆಗಳ ಗೊಂಚಲು! ಒಂದೊಂದೂ ಸಣ್ಣದು, ಹೇಗೆ ಬೇಕಾದರೂ ಬಾಗುತ್ತದೆ; ಎಲ್ಲ ಸೇರಿದರೆ ಇಸ್ತ್ರಿಪೆಟ್ಟಿಗೆಯ ಕರೆಂಟನ್ನೇ ಹೊರುವಷ್ಟು ದಪ್ಪ. ಫ್ಯಾನು ಯಾವ ಲೆಕ್ಕ? ಬಾಗುವ ಜಾಗದಲ್ಲಿ ಅದನ್ನೇ ಸಡಿಲವಾಗಿ ಇಳಿಬಿಟ್ಟು ಕಟ್ಟಿದೆ.

ಸಂಜೆಯ ಬಸ್ಸು ಹೋಯಿತು. ಮಾವ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಈಗ ತಿಂಗಳಾಗುತ್ತ ಬಂತು. ಶಾರದೆಯ ಮುಖದಲ್ಲಿ ಹಬ್ಬದ ಕಳೆ. ಮಾವ ಉಯ್ಯಾಲೆಯ ಮೇಲೆ, ನಾನು ಕೆಳಗೆ ಚಾಪೆಯ ಮೇಲೆ.

"ಸೆಕೆ ಆಗ್ತೈತಾ ಅಳಿಯಂದ್ರೇ?"

"ಇಲ್ರಿ ಮಾವ, ತಂಪೈತಿ."

ಉಯ್ಯಾಲೆ ಇತ್ತ ಬಂದಾಗಲೆಲ್ಲ ಗಾಳಿ ನನ್ನ ಕೆನ್ನೆ ಸವರಿ, ಏನೋ ಹೇಳುವಂತೆ ನಿಂತು, ಮಾವನೊಂದಿಗೇ ಹೊರಟುಹೋಗುತ್ತದೆ. ಕಣ್ಣು ಮುಚ್ಚುತ್ತ ಬರುತ್ತದೆ. ಆಗ ಮತ್ತೊಂದು ಬುದ್ಧಿ ಮೆಲ್ಲಗೆ ಹೊಳೆಯುತ್ತದೆ: ಆ ಒಂಟಿ ಎಳೆಯ ವೈರು ಅಟ್ಟದ ಮೇಲೆ ಇನ್ನೂ ಒಂದು ಸುರುಳಿ ಉಳಿದಿದೆ, ಸಂಜೆಯ ಬಸ್ಸೂ ದಿನಾ ಇದೆ.