ರಾಚಮ್ಮನಿಗೆ ಮಂಜೂರಾದ ಹಕ್ಕು

ಜಗತ್ತಿನ ಯಾವುದೋ ಮೂಲೆಯಲ್ಲಿ ಒಂದು ದೊಡ್ಡ ದೇಶವು ಪಕ್ಕದ ಚಿಕ್ಕ ದೇಶದೊಳಗೆ ಆತ್ಮರಕ್ಷಣೆಗಾಗಿ ನುಗ್ಗಿದ ಹದಿನೇಳನೆಯ ದಿನ, ತಮಿಳುನಾಡಿನ ಗಡಿಯೊಳಗೆ ಕನ್ನಡ ಆಡುವ ತಾಳವಾಡಿ ಬೆಟ್ಟದ ರಂಗಸ್ವಾಮಿಯವರು ತಮ್ಮ ಸೋಲಾರ್ ಬೇಲಿಯನ್ನು ಕಿತ್ತು, ಪಕ್ಕದ ರಾಚಮ್ಮನ ಅರ್ಧ ಎಕರೆ ರಾಗಿ ಹೊಲದ ಆಚೆ ಬದಿಗೆ ನೆಟ್ಟರು ಎಂಬುದು ದಾಖಲಾದ ಸಂಗತಿ. ಈ ಎರಡಕ್ಕೂ ಸಂಬಂಧವಿಲ್ಲವೆಂದು ಕೆಲವರು ವಾದಿಸಬಹುದು. ಅವರು ರಂಗಸ್ವಾಮಿಯವರ ಜೊತೆ ಕೂತು ಟೀವಿ ನೋಡಿದವರಲ್ಲ.

ಬೆಳಿಗ್ಗೆ ತೆನೆ ನೋಡಲು ಹೋದ ರಾಚಮ್ಮನನ್ನು ತಂತಿ ತಡೆಯಿತು. ಇನ್ನೆಂಟು ದಿನಕ್ಕೆ ಕೊಯ್ಲು. ವರ್ಷವಿಡೀ ಅವಳ ಮನೆಯ ಮುದ್ದೆಯಾಗಬೇಕಾದದ್ದು ತಂತಿಯಾಚೆ ತಲೆ ತೂಗುತ್ತಿತ್ತು.

"ಏನ ರಂಗಸಾಮಣ್ಣ, ಇದು ನನ್ ಒಲ ಅಲ್ವಾ?"

"ನಿಂದೇ ಕಣವ್ವ, ಯಾರು ಇಲ್ಲ ಅಂದೋರು? ನಿನ್ ರಾಗಿ ವಾಸ್ನೆಗ ಆನೆ ಬತ್ತದ. ಆನೆ ಬಂದ್ರ ನನ್ ಕೋಸು ಆಳಾಯ್ತದ. ಅದ್ಕ ಆತ್ಮರಕ್ಷಣೆಗ ಅಂತ ನಿನ್ ಒಲವ ಬುಡುಗಡೆ ಮಾಡಿವ್ನಿ."

"ಯಾರಿಂದ ಬುಡುಗಡೆ ಮಾಡ್ದೆ?"

"ನಿನ್ನಿಂದ ಕಣವ್ವ."

ಅದೃಷ್ಟವಶಾತ್, ಅಂತರರಾಷ್ಟ್ರೀಯ ಉದ್ವಿಗ್ನತೆಯನ್ನು ಗಮನದಲ್ಲಿಟ್ಟುಕೊಂಡು ಬೆಟ್ಟದ ಮೇಲೆ 'ಗಡಿನಾಡು ಶಾಂತಿಪಾಲನಾ ವಿಶೇಷ ಕಚೇರಿ' ಎಂಬುದೊಂದು ಹೊಸದಾಗಿ ತೆರೆದಿತ್ತು. ಅದರ ಅಧಿಕಾರಿ ಪ್ರಕಾಶ್ ಕೆಳಗಿನ ಬಯಲುಸೀಮೆಯವರು. ಮನೆಮಾತು ತಮಿಳು, ಕನ್ನಡವನ್ನು ಮೂವತ್ತು ದಿನದಲ್ಲಿ ಪುಸ್ತಕ ಓದಿ ಕಲಿತಿದ್ದರು. ಅವರು ಊರಿಗೊಂದು ಶಾಂತಿ ಮಂಡಳಿ ರಚಿಸಿದರು. ಕಲಹದಲ್ಲಿ ಪ್ರತ್ಯಕ್ಷ ಅನುಭವ ಇರುವವರೇ ಅಧ್ಯಕ್ಷರಾಗತಕ್ಕದ್ದೆಂಬ ನಿಯಮದಡಿ ರಂಗಸ್ವಾಮಿಯವರು ಅವಿರೋಧವಾಗಿ ಆಯ್ಕೆಯಾದರು.

ರಾಚಮ್ಮ ಅರ್ಜಿ ಕೊಟ್ಟಳು. ಮಂಡಳಿಯು 'ಗಾಢ ಕಳವಳ' ವ್ಯಕ್ತಪಡಿಸಲು ಹೊರಟಿತು. ಹತ್ತು ಎಕರೆಗಿಂತ ಹೆಚ್ಚು ಜಮೀನಿದ್ದವರಿಗೆ ವೀಟೋ ಅಧಿಕಾರವಿದ್ದುದರಿಂದ ಅಧ್ಯಕ್ಷರು 'ಗಾಢ' ಎಂಬ ಪದವನ್ನು ತಡೆಹಿಡಿದರು. ಬರೀ ಕಳವಳ ಉಳಿಯಿತು. ಅದು ರಾಚಮ್ಮನ ಹತ್ತಿರ ಮೊದಲೇ ಬೇಕಾದಷ್ಟಿತ್ತು.

ಮುಂದಿನ ಹಂತ ಶೃಂಗಸಭೆ. ಶೃಂಗಸಭೆಯು ಶೃಂಗದಲ್ಲೇ ನಡೆಯಬೇಕಾದ್ದರಿಂದ ಉಭಯ ಪಕ್ಷಗಳನ್ನೂ ಜೀಪಿನಲ್ಲಿ ದಿಂಬಂ ಘಾಟಿಯ ತುದಿಗೆ ಒಯ್ದು ಟೀ ಅಂಗಡಿಯಲ್ಲಿ ಕೂರಿಸಲಾಯಿತು. ಮಾತುಕತೆ ಸೌಹಾರ್ದಯುತವಾಗಿತ್ತು. ಟೀಯಲ್ಲಿ ಶುಂಠಿ ಇರಬೇಕೆಂಬ ಬಗ್ಗೆ ಸಂಪೂರ್ಣ ಒಮ್ಮತ ಮೂಡಿತು. ಹೊಲದ ವಿಷಯ ಸೂಕ್ಷ್ಮವಾದ್ದರಿಂದ ಅದನ್ನು ಯಾರೂ ಎತ್ತಲಿಲ್ಲ. ಅಂಗಡಿಯ ಟೀವಿಯಲ್ಲಿ ಆ ಚಿಕ್ಕ ದೇಶದ ಹೆಂಗಸೊಬ್ಬಳು ಮುಳ್ಳುತಂತಿಯ ಈಚೆ ನಿಂತು ತನ್ನ ಮನೆ ನೋಡುತ್ತಿದ್ದಳು. ರಾಚಮ್ಮ ಲೋಟ ಕೆಳಗಿಟ್ಟು ಟೀವಿಯತ್ತ ಬಾಗಿದಳು.

"ಅಯ್ಯೋ, ನನ್ನಂಗೇ ನಿಂತವ್ಳಲ್ಲ ತಾಯಿ. ಅವ್ಳಿಗೂ ಟೀ ಕುಡಿಸುದ್ರಾ ಸಾಮಿ?"

"ಅಲ್ಲಿ ಮೂರು ಶೃಂಗಸಭೆಗಳು ಆಗಿವೆ, ಅಮ್ಮಾ," ಎಂದರು ಪ್ರಕಾಶ್ ಹೆಮ್ಮೆಯಿಂದ.

ರಾಚಮ್ಮನ ಓರಗಿತ್ತಿ ಪುಟ್ಟನಂಜಮ್ಮ ನಾಲ್ಕಕ್ಷರ ಓದಿದವಳು. ಕಚೇರಿಯ ಗೋಡೆಯ ಮೇಲೆ 'ಪ್ರತಿಯೊಬ್ಬ ಮಾನವನಿಗೂ ಹಕ್ಕು ಇದೆ' ಎಂದು ಬರೆದದ್ದನ್ನು ಅವಳು ಕಂಡುಹಿಡಿದಳು. "ಅಕ್ಕಾ, ಒಲ ಕೇಳ್ಬ್ಯಾಡ, ಕೊಡದಿಲ್ಲ. ಅಕ್ಕು ಕೇಳು. ಗ್ವಾಡ ಮ್ಯಾಲೇ ಬರ್ದವ್ರ."

ಮಾರನೆಯ ದಿನ ರಾಚಮ್ಮ ಕಚೇರಿಯ ಕಂಪ್ಯೂಟರಿನ ಮುಂದೆ ನಿಂತು ಗಟ್ಟಿಯಾಗಿ ಕೇಳಿದಳು. "ನಾನೂ ಮನ್ಸಳೇ ಅಲ್ವಾ ಸಾಮಿ? ನಂಗ ನನ್ ಅಕ್ಕು ಬೇಕು."

ಕೇಳಿದ್ದನ್ನು ಕೇಳಿದಂತೆಯೇ ದಾಖಲಿಸಬೇಕು, ಸ್ವಂತ ಅಕ್ಷರ ಸೇರಿಸಕೂಡದು ಎಂಬುದು ನಿಯಮ. ಪ್ರಕಾಶ್ 'ಅ' ಒತ್ತಿದರು. ಪಟ್ಟಿಯಲ್ಲಿ 'ಅಕ್ಕು' ಇರಲಿಲ್ಲ, 'ಅಕ್ಕಿ' ಇತ್ತು.

"ಮಾನವ ಅಕ್ಕಿ, ತಿಂಗಳಿಗೆ ಐದು ಕಿಲೋ. ಮಂಜೂರಾಗಿದೆ. ಹಸಿ ಅಕ್ಕಿಯೋ, ಕುಸುಬಲಕ್ಕಿಯೋ?"

ಸುದ್ದಿ ಕಾಡ್ಗಿಚ್ಚಿನಂತೆ ಹಬ್ಬಿತು. ಭೂಮಿ ಕಳೆದುಕೊಂಡವರಿಗೆ ಮಾತ್ರ ಮಾನವ ಅಕ್ಕಿ ಎಂದು ತಿಳಿದೊಡನೆ ಪುಟ್ಟನಂಜಮ್ಮನೂ ಸೇರಿ ಹನ್ನೊಂದು ಮಂದಿ ರಂಗಸ್ವಾಮಿಯವರ ಜಗಲಿಗೆ ಹೋಗಿ, "ಅಣ್ಣೋ, ನಮ್ ಒಲವೂ ವಸಿ ಬುಡುಗಡೆ ಮಾಡು" ಎಂದು ಕೈಮುಗಿದರು. ಅವರು ದೊಡ್ಡ ಮನಸ್ಸಿನವರು, ಯಾರನ್ನೂ ನಿರಾಸೆಗೊಳಿಸಲಿಲ್ಲ. ಬೇಲಿಗೆ ತಂತಿ ಸಾಲದೆ ಕಚೇರಿಯೇ ಶಾಂತಿ ನಿಧಿಯಿಂದ ಒದಗಿಸಿತು.

ರಾಚಮ್ಮ ಮಾತ್ರ ಹಟ ಬಿಡಲಿಲ್ಲ. ತಪ್ಪೆಲ್ಲ ತನ್ನ ನಾಲಿಗೆಯದೆಂದು ಅವಳಿಗೆ ಹೊಳೆದಿತ್ತು. ಕೊಟ್ಟಿಗೆಯಲ್ಲಿ ಎಮ್ಮೆಯ ಮುಂದೆ ನಿಂತು ಮೂರು ದಿನ 'ಹ... ಹ...' ಎಂದು ಅಭ್ಯಾಸ ಮಾಡಿದಳು. ಎಮ್ಮೆಗೆ ಗಾಬರಿಯಾಗಿ ಹಾಲು ಕಮ್ಮಿ ಕೊಟ್ಟಿತು. ನಾಲ್ಕನೆಯ ದಿನ ಕಚೇರಿಗೆ ಹೋಗಿ, ಹೊಟ್ಟೆಯೊಳಗಿನ ಉಸಿರನ್ನೆಲ್ಲ ಒಟ್ಟುಮಾಡಿ, "ಹಹಕ್ಕು!" ಎಂದಳು.

ಪ್ರಕಾಶ್ ಮೆಚ್ಚಿ ತಲೆದೂಗಿ 'ಹ' ಒತ್ತಿದರು. ಪಟ್ಟಿಯಲ್ಲಿ 'ಹಕ್ಕಿ' ಇತ್ತು. ಶಾಂತಿ ದಿನಾಚರಣೆಗೆಂದು ತರಿಸಿದ್ದ ಬಿಳಿ ಪಾರಿವಾಳಗಳಲ್ಲಿ ಒಂದನ್ನು ರಶೀದಿಸಹಿತ ಅವಳ ಕೈಗಿಟ್ಟರು.

ದಾರಿಯಲ್ಲಿ ಅದು ಕೈಯಿಂದ ಪುರ್ರೆಂದು ಹಾರಿತು. ತಂತಿ ದಾಟಿ ಹೋಗಿ ರಾಗಿ ತೆನೆಯ ಮೇಲೆ ಕೂತು ಕಾಳು ಹೆಕ್ಕತೊಡಗಿತು. ತನ್ನ ಮನೆಯ ಕಡೆಯವರು ಒಬ್ಬರಾದರೂ ಆ ಹೊಲದೊಳಗೆ ಕಾಲಿಟ್ಟರಲ್ಲ ಎಂದು ರಾಚಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ, ಬೇಲಿಯ ಈಚೆ ನಿಂತು ಚಪ್ಪಾಳೆ ತಟ್ಟಿ ನಕ್ಕುಬಿಟ್ಟಳು.

ರಂಗಸ್ವಾಮಿಯವರು ಅದನ್ನು ಫೋನಿನಲ್ಲಿ ಚಿತ್ರೀಕರಿಸಿದರು.

ತುರ್ತು ಸಭೆ ಸೇರಿತು. ಪ್ರಕಟಣೆ ಹೀಗಿತ್ತು: 'ರಾಚಮ್ಮ ಎಂಬುವರು ವೈಮಾನಿಕ ಮಾರ್ಗದಲ್ಲಿ ಗಡಿ ಉಲ್ಲಂಘಿಸಿ, ಶಾಂತಿಪ್ರಿಯ ನೆರೆಯವರ ಆಹಾರ ದಾಸ್ತಾನಿನ ಮೇಲೆ ದಾಳಿ ನಡೆಸಿರುವುದು ರುಜುವಾತಾಗಿದೆ. ಅವರ ಮೇಲೆ ದಿಗ್ಬಂಧನ ವಿಧಿಸಿ, ಮಾನವ ಅಕ್ಕಿಯನ್ನು ಆರು ತಿಂಗಳು ಅಮಾನತಿನಲ್ಲಿಡಲಾಗಿದೆ. ಅಪಾರ ಸಂಯಮ ತೋರಿದ ಅಧ್ಯಕ್ಷರಿಗೆ ಈ ಸಾಲಿನ ಶಾಂತಿ ಪದಕ.'

"ಆ ರಾಗಿ ಬಿತ್ತಿದ್ದು ಯಾರು ಸಾಮಿ?" ಎಂದು ರಾಚಮ್ಮ ಕೇಳಿದಳು.

"ಅಮ್ಮಾ, ಅದು ಇತಿಹಾಸ. ಇತಿಹಾಸಕ್ಕೆ ಬೇರೆ ಕಚೇರಿ ಇದೆ," ಎಂದರು ಪ್ರಕಾಶ್, ಮರುಕದಿಂದ.

ಪುಟ್ಟನಂಜಮ್ಮ ಅವಳ ಸೆರಗು ಎಳೆದು ಕೂರಿಸಿದಳು. "ಓಗ್ಲಿ ಬುಡಕ್ಕ. ನೀ ಸುಮ್ಕಿದ್ರ ನಮ್ ಅಕ್ಕಿನಾರ ಉಳಿತದ."

ಬೇಲಿ ಬಂದ ಎಂಟನೆಯ ದಿನ ರಾಗಿ ಕೊಯ್ಲಾಯಿತು. ಕಟಾವಿಗೆ ಕೈ ಸಾಲದೆ ರಂಗಸ್ವಾಮಿಯವರು ಉದಾರವಾಗಿ ರಾಚಮ್ಮನನ್ನೇ ಕೂಲಿಗೆ ಕರೆದರು. ಹೊಲದೊಳಗೆ ಹೋಗಲು ಅವಳಿಗೆ ಒಂದು ದಿನದ ಪರವಾನಗಿ ಸಿಕ್ಕಿತು. ಅವಳು ಕುಡುಗೋಲು ಹಿಡಿದು ಒಳಗೆ ಕಾಲಿಡುವಾಗ ಊರವರೆಲ್ಲ ಬೇಲಿಯ ಪಕ್ಕ ನಿಂತು, ಮಾತುಕತೆಯಿಂದ ಆಗದ್ದು ಯಾವುದಿದೆ ಎಂದು ಚಪ್ಪಾಳೆ ತಟ್ಟಿದರು.